ಮುಕ್ತಿಯಾರ್ ತೂಗುಹಾಕಿದ ಸ್ಟೆಪ್ನಿ

ಮುಕ್ತಿಯಾರನ ತಾತ ಬುಡನ್ ಸಾಬರು, ರಾಮನಗರಕ್ಕೆ ಇನ್ನೂ ಕ್ಲೋಸ್‌ಪೇಟೆ ಎಂಬ ಹೆಸರಿದ್ದ ಕಾಲದಲ್ಲಿ, ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಓಡಿಸಿದವರು. ನಲವತ್ತು ವರ್ಷದಲ್ಲಿ ಒಂದು ದಿನವೂ ಅವರ ಗಾಡಿಯ ಅಚ್ಚು ಮುರಿಯಲಿಲ್ಲ. ಶುಕ್ರವಾರ ಬಂತೆಂದರೆ ಕುದುರೆ ಬಿಚ್ಚಿ ಅಚ್ಚಿಗೆ ಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ತೆಳ್ಳಗೆ ಸುಣ್ಣ ಬಳಿಯುತ್ತಿದ್ದರು. ಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಕೂತ ಎಣ್ಣೆ ಹೊರಗೆ ಜಿನುಗಿ, ಒಣಗಿದ ಸುಣ್ಣದ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಎಳೆಯುತ್ತಿತ್ತು. ಗೆರೆ ಕಂಡರೆ ಅಂದು ಬಾಡಿಗೆ ಇಲ್ಲ.

ಅವರ ಮಗ ಮಸ್ತಾನ್ ಸಾಬರು ಜಟಕಾ ಚಕ್ರ ರಿಪೇರಿ ಮಾಡುತ್ತಿದ್ದರು. ಒಮ್ಮೆ ದೊಡ್ಡ ಮನೆಯೊಂದರ ಮದುವೆಗೆ ಅಲಂಕಾರ ಮಾಡಿ ನಿಲ್ಲಿಸಿದ್ದ ಗಾಡಿಯನ್ನು, ಸುಣ್ಣದಲ್ಲಿ ಗೆರೆ ಕಂಡಿತೆಂದು, ಬಿಡುವುದಿಲ್ಲ ಎಂದು ಅಡ್ಡ ನಿಂತರು. ಮದುವೆ ಮನೆಯ ಯಜಮಾನ ಜನರೆದುರೇ ಕಪಾಳಕ್ಕೆ ಬಿಗಿದ. ಮಸ್ತಾನ್ ಸಾಬರು ಕೆನ್ನೆ ಸವರಿಕೊಂಡು, "ಏಟು ಬಿದ್ದಿದ್ದು ನನಗೆ ಸ್ವಾಮಿ, ಅಚ್ಚು ಹಂಗೇ ಐತೆ," ಎಂದರಂತೆ. ಗಾಡಿ ಹೊರಡಲಿಲ್ಲ. ಮದುಮಗ ನಡೆದೇ ಹೋದ.

ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಮುಕ್ತಿಯಾರ ಮಾತ್ರ ಬಲು ಪುಕ್ಕಲ. ನಾಯಿ ಬೊಗಳಿದರೆ ಬೀದಿ ಬದಲಿಸುವವನು, ಗುಡುಗಿದರೆ ಕಂಬಳಿ ಹೊದೆಯುವವನು. ಜಟಕಾಗಳು ಮೂಲೆ ಸೇರಿದ ಮೇಲೆ ಲಾರಿ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ಹದಿನೈದು ವರ್ಷ ಬೆವರು ಸುರಿಸಿ ವೆಲ್ಡಿಂಗ್ ಕಲಿತ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ ಸ್ವಂತ ಶೆಡ್ಡು ಹಾಕಿದ. ಬೆಂಕಿಯ ಮುಂದೆ ಕೂತಾಗ ಮಾತ್ರ ಅವನಿಗೆ ಯಾವ ಭಯವೂ ಇರಲಿಲ್ಲ. ಮುಕ್ತಿಯಾರನ ಬೆಸುಗೆ ಬಿಡುವುದಿಲ್ಲ ಎಂದು ಮಾಗಡಿಯವರೂ ಕನಕಪುರದವರೂ ಹುಡುಕಿಕೊಂಡು ಬರುತ್ತಿದ್ದರು. ಆ ಹೆಸರೊಂದೇ ಅವನ ಆಸ್ತಿ.

ರಾಮನಗರ ಜಿಲ್ಲೆಯಾದ ವರ್ಷ. ಬಿಡದಿ ಕಡೆ, ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದವು. ಗೇಟು, ಗ್ರಿಲ್ಲು, ಶೆಡ್ಡು ಎಂದು ಮುಕ್ತಿಯಾರನಿಗೆ ಕೈತುಂಬ ಕೆಲಸ. ಕರೆಂಟು ಮಾತ್ರ ಹೇಳದೆ ಕೇಳದೆ ಹೋಗುತ್ತಿತ್ತು. ಆಯುಧಪೂಜೆಯ ಹಿಂದಿನ ದಿನ, ಇಳಿಹೊತ್ತಿಗೆ, ದೊಡ್ಡಆಲಹಳ್ಳಿಯ ಬಾಲರಾಜು ತನ್ನ ಜಿಪ್ಸಿ ತಂದು ನಿಲ್ಲಿಸಿದ. ರೇಷ್ಮೆ ಗೂಡು ಹೇರಿಕೊಂಡು ಮಾರುಕಟ್ಟೆಗೆ ಬರುವ ರೈತ. ಈ ಸಲ ತಾಯಿ, ಮಗಳ ಜೊತೆ ಬಂದು ಪೇಟೆಯಲ್ಲಿದ್ದ ಭಾವನ ಮನೆಯಲ್ಲಿ ಇಳಿದಿದ್ದ. ತೋಟದ ಕಲ್ಲುದಾರಿಗೆಂದು ನಾಲ್ಕೂ ಗಾಲಿಗೆ ದೊಡ್ಡ ಟೈರು ಹಾಕಿಸಿದ್ದ. ಐದನೆಯದು, ಸ್ಟೆಪ್ನಿ, ಹಿಂದಿನ ಬಾಗಿಲಿನ ಮೇಲೆ ಕೂರುತ್ತಿರಲಿಲ್ಲ.

"ಏನ್ಲಾ ಬಾಲರಾಜು, ಜೀಪಿಗಿಂತ ಟೈರೇ ದೊಡ್ಡದಾಗೈತೆ. ಟೈರಿಗೆ ಜೀಪು ಕಟ್ಕೊಂಡು ಓಡಾಡ್ತಿದ್ದೀಯಾ?" ಎಂದ ಮುಕ್ತಿಯಾರ.

"ನಾಕು ಕಾಲ್ಗೆ ಬೂಟ್ ಹಾಕ್ಸಿ ಐದ್ನೇದ್ಕೆ ಹವಾಯಿ ಚಪ್ಲಿ ಹಾಕ್ಸಕ್ಕಾಯ್ತದಾ ಮುಕ್ತಿಯಾರಣ್ಣ? ನಾಳೆ ಪೂಜೆ. ಅಷ್ಟ್ರಲ್ಲಿ ತಗಲಾಕ್ಬುಡು."

ದೊಡ್ಡ ಟೈರು ಬಂಪರಿಗೆ ತಾಗುತ್ತಿತ್ತು. ಅದನ್ನು ಒಂದು ಗೇಣು ಮೇಲಕ್ಕೆ, ನಾಲ್ಕು ಬೆರಳು ಹೊರಕ್ಕೆ ತರಬೇಕು. ಅದಕ್ಕಾಗಿ ಬಾಗಿಲಿಗೆ ಎರಡು ಕಬ್ಬಿಣದ ತೋಳು, ತೋಳುಗಳ ತುದಿಗೆ ಒಂದು ದಪ್ಪ ತಗಡು, ತಗಡಿಗೆ ನಟ್ಟು ಬಿಗಿದು ಟೈರು. ಮುಕ್ತಿಯಾರ ಕೆಳಗಿನ ತೋಳನ್ನು ಗಟ್ಟಿಯಾಗಿ ಬೆಸೆದ. ಮೇಲಿನ ತೋಳಿಗೆ ಎರಡು ಚುಕ್ಕೆ ಬೆಸುಗೆ ಇಟ್ಟು, ಪೂರ್ತಿ ಎಳೆಯಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಹೋದದ್ದು ಬರಲಿಲ್ಲ. ಹಾಗೆ ಹೊರಗೆ ಚಾಚಿ ನಿಂತ ಭಾರವನ್ನು ಹಿಡಿದೆಳೆಯುವುದು ಮೇಲಿನ ತೋಳೇ ಎಂಬುದು, ಜಟಕಾ ಮನೆಯಲ್ಲಿ ಹುಟ್ಟಿದವನಿಗೆ ಹೇಳಿಕೊಡಬೇಕೆ?

ಕತ್ತಲಾಗುತ್ತಿತ್ತು. ಬಾಲರಾಜು ಟೈರು ಏರಿಸಿ ನಟ್ಟು ಬಿಗಿದೇಬಿಟ್ಟ. ಪಕ್ಕದ ಅಂಗಡಿಯವರು ನಾಲ್ಕು ಜನ ನೋಡುತ್ತ ನಿಂತಿದ್ದರು.

"ನಿಲ್ತದೇನಣ್ಣ?" ಎಂದ.

ನಿಲ್ಲುವುದಿಲ್ಲ, ಇಳಿಸಿ ಹೋಗು ಎನ್ನಬೇಕಿತ್ತು. ನಾಲ್ಕು ಜನರ ಮುಂದೆ ಹೆಸರು ಕೆಟ್ಟೀತೆಂದು ಹೆದರಿದ. "ಮುಕ್ತಿಯಾರ್ ಕೈ ಹಾಕಿದ್ದು ನಿಲ್ದೆ ಏನ್ಮಾಡ್ತದೆ? ಇಲ್ಲೇ ನಿಮ್ಮ ಭಾವನ ಮನೆಗೆ ತಾನೆ ಹೋಗೋದು. ಬೆಳಿಗ್ಗೆ ಬಾ, ಒಸಿ ಫಿನಿಷಿಂಗ್ ಐತೆ," ಎಂದ.

ಎರಡು ಚುಕ್ಕೆಯ ಮೇಲೆ ಮಣಭಾರ ನೇತಾಡುತ್ತಿರುವುದಕ್ಕೆ ಅವನು ಇಟ್ಟ ಹೆಸರು ಫಿನಿಷಿಂಗ್.

ಬೆಳಿಗ್ಗೆ ಕರೆಂಟು ಬಂದಿತ್ತು. ಎಂಟು ಗಂಟೆಯಿಂದ ಕಾದ. ಜಿಪ್ಸಿ ಬರಲಿಲ್ಲ. ರಾಡು ತರಲು ಪೇಟೆಗೆ ಹೋಗಿ ಬಂದರೆ, ಹೆಂಡತಿ ಮುನ್ನೀ ಕಡ್ಲೆಪುರಿಯ ಪೊಟ್ಟಣ ಕೈಗಿಟ್ಟಳು. ಬಾಲರಾಜು ಬಂದಿದ್ದನಂತೆ. ಪೂಜೆ ಮಾಡಿದ ಗಾಡಿಗೆ ಇವತ್ತು ಸುತ್ತಿಗೆ, ನಟ್ಟು ಬಿಚ್ಚುವ ಪಾನಾ ಮುಟ್ಟಿಸುವಂತಿಲ್ಲ, ಉಳಿದದ್ದು ಹಬ್ಬ ಕಳೆದ ಮೇಲೆ ಎಂದು ಹೇಳಿ, ತಾಯಿಯನ್ನೂ ಮಗಳನ್ನೂ ಕೂರಿಸಿಕೊಂಡು ಊರಿಗೆಂದು ಕನಕಪುರದ ರಸ್ತೆ ಹಿಡಿದನಂತೆ. ಮಗು ಹಿಂದೆ ಕೂತು ಟಾಟಾ ಮಾಡಿತು ಎಂದಳು ಮುನ್ನೀ.

ಮುಕ್ತಿಯಾರ ಪೊಟ್ಟಣ ಬಿಟ್ಟು ಗಾಡಿಯತ್ತ ಓಡಿದ. ಕಡ್ಲೆಪುರಿ ನೆಲಕ್ಕೆ ಚೆಲ್ಲಿತು. ಟಿವಿಎಸ್ ತುಳಿದರೆ ಹತ್ತುವುದಿಲ್ಲ, ತುಳಿದರೆ ಹತ್ತುವುದಿಲ್ಲ. ಹತ್ತಿದಾಗ ಪಾನಾವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ.

ಊರು ದಾಟಿದ ಮೇಲೆ ಎರಡೂ ಕಡೆ ಬಂಡೆ, ಮಾವಿನ ತೋಪು. ಪ್ರತಿ ತಿರುವಿನಲ್ಲೂ ರಸ್ತೆಗೆ ಬಿದ್ದ ಟೈರು ಕಂಡೀತೆಂದು ಕಣ್ಣು ಅರ್ಧ ಮುಚ್ಚುತ್ತಿದ್ದ. ಬಸ್ಸೊಂದು ಅಡ್ಡಲಾಗಿ ನಿಂತಿದ್ದರೆ, ಆಗಿಯೇಹೋಯಿತು ಎಂದುಕೊಂಡ. ಯಾರನ್ನೋ ಇಳಿಸಲು ನಿಂತಿತ್ತು ಅಷ್ಟೆ. ಕಡೆಗೆ ಒಂದು ಏರಿನಲ್ಲಿ ಜಿಪ್ಸಿ ಕಂಡಿತು. ಮುಂದೆ ಕಟ್ಟಿದ ಬಾಳೆಕಂದು ಕಿತ್ತುಹೋಗಬಾರದೆಂದು ಬಾಲರಾಜು ಮೆಲ್ಲಗೆ ಓಡಿಸುತ್ತಿದ್ದ. ಅದೇ ಪುಣ್ಯ.

ಹತ್ತಿರವಾದಂತೆ ಮುಕ್ತಿಯಾರ ಟೈರಿನತ್ತ ಕಣ್ಣು ನೆಟ್ಟ. ಹಿಂದಿನ ಪರದೆ ಸುತ್ತಿ ಮೇಲೆ ಕಟ್ಟಿದ್ದರು. ಬಾಲರಾಜುವಿನ ಮಗಳು ನವ್ಯಶ್ರೀ, ಆರು ವರ್ಷದ್ದು, ಬಾಗಿಲಿನ ಮೇಲೆ ಎದೆಯೂರಿ, ಎರಡೂ ಕೈಯಲ್ಲಿ ಆ ಟೈರನ್ನೇ ತಬ್ಬಿಕೊಂಡಿತ್ತು. ಟೈರು ಹೋದರೆ ಮಗುವೂ ಅದರ ಹಿಂದೆಯೇ.

ಒಳಗೆ ಹೋಗು ಎಂದು ಕೈ ಬೀಸಿದ. ಮಗು ನಕ್ಕು ತಾನೂ ಕೈ ಬೀಸಿತು, ಇನ್ನಷ್ಟು ಹೊರಗೆ ಬಾಗಿತು. ಹಾರನ್ ಒತ್ತಿದ. ಟೈರಿನ ಮೇಲೆ ತಾಳ ಹಾಕಿತು. ಆಮೇಲೆ ಮುಕ್ತಿಯಾರ ಕೈಯನ್ನೂ ಆಡಿಸಲಿಲ್ಲ, ಹಾರನ್ನನ್ನೂ ಮುಟ್ಟಲಿಲ್ಲ. ಮುಖವನ್ನು ಕಲ್ಲು ಮಾಡಿಕೊಂಡು, ಎರಡು ಮಾರು ಹಿಂದೆ, ಟೈರು ಬಿದ್ದರೆ ತನ್ನ ಎದೆಗೇ ಬೀಳುವಂತೆ ಗಾಡಿ ಓಡಿಸಿದ.

ಆಗ ಕಂಡಿತು. ಪೂಜೆಯಲ್ಲಿ ಬಾಲರಾಜು ಮೇಲಿನ ತೋಳಿನ ಬುಡಕ್ಕೆ ದಪ್ಪಗೆ ವಿಭೂತಿ ಬಳಿದಿದ್ದ. ಒಣಗಿದ ಆ ಬಿಳುಪಿನ ನಡುವೆ ಕಪ್ಪು ಗೆರೆ. ರಸ್ತೆಯ ಹಳ್ಳಕ್ಕೆ ಗಾಲಿ ಇಳಿದಾಗ ಗೆರೆ ಬಾಯಿ ಬಿಡುತ್ತಿತ್ತು, ಏರಿದಾಗ ಮುಚ್ಚಿಕೊಳ್ಳುತ್ತಿತ್ತು. ತಾತನ ಸುಣ್ಣ, ಅಪ್ಪನ ಕೆನ್ನೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು. ಎರಡು ಚುಕ್ಕೆಯಲ್ಲಿ ಒಂದು ಆಗಲೇ ಬಿಟ್ಟಿತ್ತು.

ಎದುರಿನಿಂದ ಕಲ್ಲು ತುಂಬಿದ ಲಾರಿ ಬರುತ್ತಿತ್ತು. ಅದು ದಾಟುವವರೆಗೆ ಮುಂದೆ ನುಗ್ಗುವಂತಿಲ್ಲ. ಅಷ್ಟು ಉದ್ದದ ಲಾರಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಅದು ದಾಟಿದ್ದೇ ತಡ, ಪಕ್ಕದಲ್ಲಿ ನುಗ್ಗಿ, ಜಿಪ್ಸಿಯ ಮುಂದೆ ಟಿವಿಎಸ್ಸನ್ನು ಅಡ್ಡ ಹಾಕಿದ. ಬಾಳೆಕಂದಿನ ಎಲೆ ಅವನ ಮುಖಕ್ಕೆ ಬಡಿಯಿತು. ಗಾಡಿ ನಿಂತಿತು.

"ಸಾಯಕ್ಕೆ ನನ್ ಗಾಡಿನೇ ಬೇಕಿತ್ತಾ ಮುಕ್ತಿಯಾರಣ್ಣ?" ಬಾಲರಾಜು ಇಳಿದು ಬಂದ.

ಮುಕ್ತಿಯಾರ ಹಿಂದಕ್ಕೆ ಓಡಿ, ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಿ ಕೆಳಗಿಳಿಸಿದ. ನೆಲ ಮುಟ್ಟಿದ ಮೇಲೂ ಅದರ ಕೈ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ವಿಭೂತಿಯ ಗೆರೆ ತೋರಿಸಿದ. "ನಿನ್ನೆ ಸುಳ್ಳು ಹೇಳ್ದೆ ಬಾಲರಾಜು. ಮೇಲಿಂದು ಬೆಸೆದೇ ಇಲ್ಲ. ಎರಡು ಚುಕ್ಕೆ ಇಟ್ಟಿದ್ದೆ, ಒಂದು ಹೋಗೈತೆ. ಟೈರು ಇಳಿಸ್ಬೇಕು, ಈಗ್ಲೇ."

ಬಾಲರಾಜು ಗೆರೆಯನ್ನು ನೋಡಿದ, ಮಗಳನ್ನು ನೋಡಿದ. ಮಗುವನ್ನು ತನ್ನ ಪಕ್ಕಕ್ಕೆ ಎಳೆದುಕೊಂಡ. ಆದರೂ ಬಾಯಿಗೆ ಬಂದದ್ದು ಬೇರೆ ಮಾತು: "ಪೂಜೆ ಮಾಡಿದ್ ಗಾಡಿ ಕಣಣ್ಣ. ಇವತ್ತು ಪಾನಾ..."

ಮುಂದಿನ ಸೀಟಿನಿಂದ ಅವನ ತಾಯಿ ಶಿವಲಿಂಗಮ್ಮ ಇಳಿದು ಬಂದರು. ಬಗ್ಗಿ, ಬೆರಳಿನಿಂದ ಆ ಗೆರೆ ಮುಟ್ಟಿದರು. "ದೇವ್ರು ವಿಭೂತಿ ಮೇಲೇ ಬರ್ದು ತೋರ್ಸವ್ನೆ, ನೀನು ಪಂಚಾಂಗ ಯೋಳ್ತಿದ್ದೀಯಲ್ಲಾ. ಬಿಚ್ಚಪ್ಪ ಮುಕ್ತಿಯಾರ. ದೇವ್ರಿಗೆ ನಾನು ಯೋಳ್ಕತೀನಿ. ನಿನ್ನ ಆಮೇಲೆ ಬೈತೀನಿ," ಎಂದರು.

ಮುಕ್ತಿಯಾರ ಟೈರಿನ ಕೆಳಗೆ ಮಂಡಿಯೂರಿದ. ಹೆಗಲು ಕೊಟ್ಟು ಭಾರ ಹೊತ್ತುಕೊಂಡು ಮೊದಲ ನಟ್ಟಿಗೆ ಪಾನಾ ಇಟ್ಟ. ಪಾನಾ ನಟ್ಟಿನ ಮೇಲೆ ಕಟಕಟ ನಡುಗುತ್ತಿತ್ತು. ಮೇಲಿನ ತೋಳು ಇನ್ನೊಂದು ಕೂದಲಷ್ಟು ಬಾಯಿ ಬಿಟ್ಟಿತು.

"ನಿನ್ ಕೈ ನಡುಗ್ತಾ ಐತೆ, ಅಣ್ಣ. ಸರ್ಕೋ, ನಾನೂ ಒಂದು ಹೆಗಲು ಕೊಡ್ತೀನಿ," ಎಂದು ಬಾಲರಾಜು ಬಗ್ಗಿದ.

ಮುಕ್ತಿಯಾರ ಹೆಗಲನ್ನು ಟೈರಿನಡಿಗೆ ಇನ್ನಷ್ಟು ಒತ್ತಿದ.

"ಬ್ಯಾಡ ಬಾಲರಾಜು. ನಡುಗಿದ್ರೆ ನಡುಗ್ಲಿ. ತಗಲಾಕಿದ್ದು ನಾನು, ಇದ್ರ ಕೆಳಗೆ ಇರ್ಬೇಕಾದವ್ನೂ ನಾನೇ. ನೀನು ಮಗೀನ್ ಕೈ ಹಿಡ್ಕೊಂಡು ಆ ಮರದ್ ತಾವ ಹೋಗಿ ನಿಂತ್ಕೋ."