ನೊಗವಿಲ್ಲದ ದೋಣಿ

ಮನೆಮನೆಗೆ ಟ್ರ್ಯಾಕ್ಟರ್ ಬಂದು ಎತ್ತಿನ ಗಾಡಿಗಳು ಮೂಲೆ ಸೇರುತ್ತಿದ್ದ ದಿನಗಳವು. ಗಾಡಿ ಕಟ್ಟುವುದರಲ್ಲಿ ಬಸವಕಲ್ಯಾಣಕ್ಕೇ ಹೆಸರಾಗಿದ್ದ ನನ್ನಪ್ಪ, ಸ್ಟೂಲು, ಮಣೆ ಮಾಡುತ್ತ ಮುಖ ಗಂಟಿಕ್ಕಿಕೊಂಡೇ ದಿನ ದೂಡುತ್ತಿದ್ದ. ಆ ಬೇಸಿಗೆಯಲ್ಲಿ, ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಕುಳಿತು ಕೆರೆಗೆ ಬಲೆ ಹಾಕುತ್ತಿದ್ದ ಮಹಿಬೂಬ್ ಚಾಚಾ ಮನೆಗೆ ಬಂದ.

"ಉಸ್ತಾದ್, ನನಗೊಂದು ದೋಣಿ ಮಾಡಿ ಕೊಡ್ರಿ."

ಅಪ್ಪ ಹತ್ತಿರದಿಂದ ದೋಣಿ ನೋಡಿದವನೇ ಅಲ್ಲ. ಆದರೂ ಒಪ್ಪಿಕೊಂಡ, ಅಂದು ಎರಡು ರೊಟ್ಟಿ ಹೆಚ್ಚು ತಿಂದ.

ಹಲಗೆಯ ಸಂದಿಗೆ ಬಳಿಯಲು ಹುಮನಾಬಾದಿನಿಂದ ಡಾಂಬರು ತಂದ. ಆಮೇಲೆ ನಾವು ರೊಟ್ಟಿಗೆ ಹಚ್ಚಿಕೊಂಡು ತಿಂದ ಶೇಂಗಾ ಹಿಂಡಿಗೂ ಡಾಂಬರಿನದೇ ವಾಸನೆ. ನಾನು ನೀರಿನ ತೊಟ್ಟಿಯಲ್ಲಿ ಆಡುತ್ತ ಒಂದು ಸಂಗತಿ ಕಂಡುಕೊಂಡಿದ್ದೆ. ಹಿಟ್ಟು ನಾದುವ ಪರಾತ ಅಲುಗದೆ ತೇಲುತ್ತದೆ, ತಳ್ಳಿದರೆ ಮಾತ್ರ ಗಿರಗಿರ ತಿರುಗುತ್ತದೆ. ತಳಕ್ಕೆ ಉದ್ದುದ್ದ ಪಟ್ಟಿ ಬಡಿದಿದ್ದ ಹಲಗೆಯ ತುಂಡು ನೆಟ್ಟಗೆ ಹೋಗುತ್ತದೆ.

"ಅಪ್ಪಾ, ತಳಕ್ಕ ಒಂದು ಪಟ್ಟಿ ಬಡಿ. ಸೀದಾ ಹೋಗ್ತದ."

"ಹೋಗ್, ನಿಮ್ಮವ್ವಗ ರೊಟ್ಟಿ ಬಡಿಯಾಕ ಕೈ ಹಚ್ಚು."

ದೋಣಿ ಗಾಡಿಯ ತೊಟ್ಟಿಯಂತೆಯೇ ಅಗಲ, ಚಪ್ಪಟೆ. ಊರವರ ಮುಂದೆ ಕೆರೆಗಿಳಿಸಿದಾಗ ಚಾಚಾ ಅದರಲ್ಲಿ ಎದ್ದು ನಿಂತರೂ ಅಲುಗಲಿಲ್ಲ. ಅಪ್ಪ ಮೀಸೆ ತಿರುವಿದ. ಹುಟ್ಟು ಹಾಕಿದರೆ ಮುಂದೆ ಹೋಗಲೊಲ್ಲದು, ಸುತ್ತುತ್ತಿದೆ!

"ಮುಂದ್ ಭಾರ ಇಡ್ರಿ! ಹಿಂದ್ ಭಾರ ಆದ್ರ ನೊಗ ಏಳ್ತದ!" ಅಪ್ಪ ಕೂಗಿದ. ಅದು ಗಾಡಿಯ ಶಾಸ್ತ್ರ. ಚಾಚಾ ದಂಡೆಗೆ ಬಂದು ಮುಂದುಗಡೆ ಎರಡು ಕಲ್ಲು ಹೇರಿಕೊಂಡ. ದೋಣಿಯ ಮೂತಿ ನೀರು ಕಚ್ಚಿತು, ಹಿಂಬದಿ ಇನ್ನೂ ಜೋರಾಗಿ ತಿರುಗಿತು.

ನನಗೆ ತಡೆಯಲಾಗಲಿಲ್ಲ. "ಅಪ್ಪಾ, ನೀರಿಗೆಲ್ಲಿ ನೊಗ ಅದ? ಚಾಚಾ, ಕಲ್ಲು ಹಿಂದಕ ಸರಸ್ರಿ!"

ದಂಡೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಚಾಚಾ ಕಲ್ಲು ಸರಿಸಿದ. ದೋಣಿ ಸ್ವಲ್ಪ ದೂರವಾದರೂ ನೆಟ್ಟಗೆ ಹೋಯಿತು.

"ಉಸ್ತಾದ್, ಮಗಳು ಖರೇ ಹೇಳ್ಯಾಳ. ತಳಕ್ಕೇನರ ಒಂದು ಪಟ್ಟಿ ಬಡದ್ರ ಬೇಷ್ ಆಗ್ತದ."

ಅಪ್ಪ ಮನೆಗೆ ನಡೆದ. ಮರುದಿನ ದೋಣಿ ವಾಪಸ್ ತರಿಸಿ, ಹಲಗೆ ಕಿತ್ತು, ಬಚ್ಚಲಿಗೆ ಬಾಗಿಲು ಮಾಡಿದ. ಚಾಚಾ ಮತ್ತೆ ಟ್ಯೂಬು ಹತ್ತಿದ. ಒಂದೇ ಒಂದು ಪಟ್ಟಿ! ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಈಗ ಅಪ್ಪನಿಲ್ಲ. ತಳ ಅಗಲವಾದರೆ ದೋಣಿ ಹೊಯ್ದಾಡದು, ಉದ್ದವಿದ್ದು ತಳಕ್ಕೊಂದು ಪಟ್ಟಿಯಿದ್ದರೆ ದಾರಿ ತಪ್ಪದು, ಎರಡೂ ಬೇಕಾದರೆ ಹದ ನೋಡಬೇಕು ಎಂದು ನಾನು ಓದಿ ತಿಳಿದಿದ್ದೇನೆ. ಆದರೆ ನನ್ನ ಕೈಗೆ ಒಂದು ಮೊಳೆಯೂ ನೆಟ್ಟಗೆ ಬಡಿಯಲು ಬಾರದು. ಬಡಿಯಲು ಬರುತ್ತಿದ್ದ ಅಪ್ಪನನ್ನು ಹತ್ತು ಜನರೆದುರು ನಗೆಪಾಟಲು ಮಾಡಿದವಳು ನಾನೇ. ಅವನ ಹಟಕ್ಕೆ ಬೈಯುತ್ತಲೇ ಇಷ್ಟು ವರ್ಷ ಕಳೆದೆ. ಅಪ್ಪ ಆಮೇಲೆ ಹೊಸದೇನನ್ನೂ ಕಟ್ಟಲಿಲ್ಲ.