ಜಗಲಿಯ ಜೋಡಿ ಕುರ್ಚಿ

ಕಳೆದ ಯುಗಾದಿಯ ಮರುದಿನ ಬೆಳಗ್ಗೆ ಹತ್ತು ಗಂಟೆಗೆ, ಸಾದಲಿ ಕಡೆಯ ಜಮೀನ್ದಾರರೊಬ್ಬರ ಮೊಮ್ಮಗ ಎರಡು ಹಳೆಯ ಕುರ್ಚಿಗಳನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಶಿಡ್ಲಘಟ್ಟದ ನಮ್ಮ ಮನೆಗೆ ಬಂದ. ಅಂದು ಹೊಸತೊಡಕು. ಒಲೆಯ ಮೇಲೆ ಹಬ್ಬದ ಬಾಡಿನ ಸಾರು ಕುದಿಯುತ್ತಿತ್ತು.

ಕುರ್ಚಿಗಳನ್ನು ನಾನು ನೋಡಿದ ಕೂಡಲೇ ಗುರುತಿಸಿದೆ. ತೇಗದ ಮರ, ಓರೆಯಾಗಿ ಚಾಚಿದ ತೆಳ್ಳನೆಯ ಕಾಲುಗಳು, ತಗ್ಗಾದ ಬೆತ್ತದ ಆಸನ. ಬೆಂಗಳೂರಿನ ಒಂದು ಅಂಗಡಿ ಇಂಥವನ್ನು ‘ವಿಂಟೇಜ್’ ಎಂದು ಕೊಳ್ಳುತ್ತದಂತೆ. ಜೊತೆಗೊಂದು ಕಥೆ ಇದ್ದರೆ ಇನ್ನೂ ಒಳ್ಳೆಯದಂತೆ. ಆ ಕಥೆಗಾಗಿ ಅವನು ನನ್ನ ಅಮ್ಮನ ಬಳಿ ಬಂದಿದ್ದ.

“ನರ್ಸಮ್ಮ, ನೀವು ಇದ್ರಲ್ಲಿ ಕೂತಿರೋ ಒಂದು ಫೋಟೋ ಬೇಕು. ಆ ಕಾಲ್ದಲ್ಲೇ ನಮ್ಮನೇಲಿ ಭೇದ ಇರ್ಲಿಲ್ಲ, ನಿಮಗೂ ಕುರ್ಚಿ ಹಾಕ್ತಿದ್ರು ಅಂತ ಒಂದೆರಡು ಮಾತು ಹೇಳ್ಬಿಡಿ, ಸಾಕು.”

ಅಮ್ಮ ಸಾದಲಿ ಸುತ್ತ ಸರ್ಕಾರಿ ನರ್ಸ್ ಆಗಿದ್ದವಳು. ನಾವು ದಲಿತರು. ಆ ಮನೆಯ ಯಜಮಾನನಿಗೆ ಅವಳು ವಾರಕ್ಕೊಮ್ಮೆ ಇಂಜೆಕ್ಷನ್ ಕೊಡಬೇಕಿತ್ತು. ಸರ್ಕಾರಿ ನೌಕರಿಯವಳನ್ನು ನೆಲದ ಮೇಲೆ ಕೂರಿಸುವಂತಿರಲಿಲ್ಲ, ಒಳಗೆ ಕರೆಯುವ ಮನಸ್ಸಿರಲಿಲ್ಲ. ಹಾಗಾಗಿ ಜಗಲಿಗೆ ಈ ಜೋಡಿ ಬಂತು: ಒಂದು ಅಮ್ಮನಿಗೆ, ಇನ್ನೊಂದು ನಮ್ಮ ಕೇರಿಯವರೇ ಆದ ಶಾಲೆಯ ಮೇಷ್ಟರಿಗೆ. ಮನೆಯವರು ಯಾರೂ ಅವುಗಳಲ್ಲಿ ಕೂರುತ್ತಿರಲಿಲ್ಲ. ಉಳಿದ ದಿನ ಅವು ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದವು.

ನನಗೆ ಒಂಬತ್ತು ವರ್ಷವಿದ್ದಾಗ ರಜೆಯಲ್ಲಿ ಅಮ್ಮನ ಜೊತೆ ಹೋಗಿ ಮೇಷ್ಟರ ಕುರ್ಚಿಯಲ್ಲಿ ಕೂತಿದ್ದೆ. ಹೊರಟು ಊರಾಚೆ ಬಂದ ಮೇಲೆ ಅಮ್ಮನಿಗೆ ಸಿರಿಂಜಿನ ಡಬ್ಬಿ ಮರೆತದ್ದು ನೆನಪಾಯಿತು. ತಿರುಗಿ ಹೋದೆವು. ಯಜಮಾನನ ಹೆಂಡತಿ ಎರಡೂ ಕುರ್ಚಿಗಳ ಮೇಲೆ ಬಿಂದಿಗೆಯಿಂದ ನೀರು ಸುರಿಯುತ್ತಿದ್ದಳು. ನಮ್ಮನ್ನು ಕಂಡೂ ನಿಲ್ಲಿಸಲಿಲ್ಲ. ಅಮ್ಮ ಡಬ್ಬಿ ಎತ್ತಿಕೊಂಡಳು. ಮುಂದಿನ ವಾರ ಮತ್ತೆ ಹೋದಳು. ಅದು ಅವಳ ಡ್ಯೂಟಿ.

ಅಂದಿನ ಸಿಟ್ಟು ಈಗಲೂ ಹಾಗೇ ಇದೆ. ಇಷ್ಟನ್ನೂ ಅವನ ಮುಖಕ್ಕೆ ಹೇಳಲು ಬಾಯಿ ತೆರೆದೆ. ಅಮ್ಮ ತಡೆದಳು.

“ಸುಮ್ನಿರೇ. ಅವ್ನು ಕೇಳ್ತಿರೋದು ನನ್ನನ್ನ.”

ಅವನ ಕಡೆ ತಿರುಗಿದಳು.

“ನಿಮ್ಮಪ್ಪ ಹುಟ್ದಾಗ ಅವ್ನನ್ನ ತಲೆಕೆಳಗೆ ಹಿಡ್ದು ಬೆನ್ನು ತಟ್ಟಿದೋಳು ನಾನು ಕಣಪ್ಪ. ಅಳೋಕೂ ಸೋಮಾರಿ ಅವ್ನು. ಆವತ್ತೊಂದಿನ ಒಳಗೆ ಬಿಟ್ಕೊಂಡ್ರು. ಮಾತು ಬೇಕು ಅಂದ್ಯಲ್ಲ, ಬರ್ಕೋ.”

ಅವನು ಮೊಬೈಲ್ ತೆಗೆದ. ಅಮ್ಮ ವರದಿ ಒಪ್ಪಿಸುವ ದನಿಯಲ್ಲಿ ಜಗಲಿ, ಗೋಡೆ, ಬಿಂದಿಗೆ ಎಲ್ಲವನ್ನೂ ಹೇಳಿದಳು. ಬಿಂದಿಗೆಗೆ ಬರುವಷ್ಟರಲ್ಲಿ ಅವನ ಬೆರಳು ನಿಂತಿತ್ತು.

“ನಮ್ಮಜ್ಜಿ ಹಂಗೆ ಮಾಡಿರಲ್ಲ ನರ್ಸಮ್ಮ. ನಿಮಗೂ ವಯಸ್ಸಾಯ್ತು, ಮರ್ತಿರ್ತೀರ.”

“ನಿಮ್ಮ ತಾತಂಗೆ ಯಾವ ಔಷಧಿ, ಎಷ್ಟು ಎಮ್ಮೆಲ್ ಕೊಡ್ತಿದ್ದೆ, ಅದನ್ನೂ ಹೇಳ್ಲಾ?”

“ಇದನ್ನೆಲ್ಲ ಹಾಕಿದ್ರೆ ಯಾರು ತಗೋತಾರೆ?”

“ಹಂಗಾದ್ರೆ ಫೋಟೋನೂ ಬೇಡ. ಊಟ ಮಾಡ್ಕೊಂಡು ಹೋಗು.”

ಹೊಟ್ಟೆ ತುಂಬಿದೆ ಎಂದ. ನಾನು ತಂದಿಟ್ಟ ನೀರನ್ನೂ ಮುಟ್ಟಲಿಲ್ಲ. ಕುರ್ಚಿಗಳನ್ನು ಮತ್ತೆ ಆಟೋಗೆ ಹೇರಿಸಿ ಹೊರಟುಹೋದ.

ಕಳೆದ ವಾರ ಆ ಅಂಗಡಿಯ ವೆಬ್‌ಸೈಟಿನಲ್ಲಿ ಎರಡೂ ಕುರ್ಚಿಗಳ ಚಿತ್ರ ಕಂಡಿತು. ಕೆಳಗೆ ಬರೆದಿರುವುದು: ಶಿಡ್ಲಘಟ್ಟ ಸೀಮೆಯ ಹಳೆಯ ಮನೆತನದ್ದು; ಜಾತಿಭೇದವಿಲ್ಲದೆ ಎಲ್ಲರನ್ನೂ ಕೂರಿಸಿದ ಕುರ್ಚಿಗಳು; ಮಾರಾಟವಾಗಿದೆ.