ಎಣ್ಣೆ ಮೂಸುತ್ತಿದ್ದ ನನ್ನ ಮಾವ

ನನ್ನ ಗಂಡನ ತಂದೆಯನ್ನು ಬಸ್ ಡಿಪೋದಲ್ಲಿ ಯಾರೂ ಹೆಸರು ಹಿಡಿದು ಕರೆದಿದ್ದಿಲ್ಲ. ಅವರು ಎಲ್ಲರಿಗೂ ಮೂಗಣ್ಣ. ಮೂವತ್ತೊಂದು ವರ್ಷದಿಂದ ಗೇರ್‌ಬಾಕ್ಸ್ ಮೆಕ್ಯಾನಿಕ್. ತಾನಾಗಿಯೇ ಗೇರ್ ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಬಸ್ಸುಗಳು ಬಂದಾಗ ಜೊತೆಯವರೆಲ್ಲ ಇದು ನಮ್ಮ ಕೈಗೆ ಹತ್ತುವುದಲ್ಲ ಎಂದು ಹಿಂದೆ ಸರಿದರಂತೆ. ಮಾವ ಮಾತ್ರ ಕುಕ್ಕರಗಾಲಲ್ಲಿ ಕೂತು, ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದು, ಅದಕ್ಕಂಟಿದ ಎಣ್ಣೆಯನ್ನು ಬಿಳಿ ಬಟ್ಟೆಗೆ ಒರೆಸಿ ಮೂಸಿದರಂತೆ. ಒಳಗಿನ ಕ್ಲಚ್ ತಟ್ಟೆಗಳು ಸವೆದು ಜಾರತೊಡಗಿದರೆ ಎಣ್ಣೆ ಮೊದಲು ಸೀದು ನಾರುತ್ತದೆ. ಬಣ್ಣ ಕೆಡುವುದು ಆಮೇಲೆ, ಸದ್ದು ಬರುವುದು ಇನ್ನೂ ಆಮೇಲೆ. ಅಂದಿನಿಂದ ಬೆಳಿಗ್ಗೆ ಒಂದೊಂದೇ ಬಸ್ಸನ್ನು ಮೂಸಿ "ಹೋಗಲಿ" ಅಥವಾ "ನಿಲ್ಲಲಿ" ಎನ್ನುವುದು ಅವರ ಕೆಲಸವಾಯಿತು. ಎಣ್ಣೆ ಪರೀಕ್ಷಿಸುವ ಯಂತ್ರವೊಂದು ಬಂದಿತ್ತು, ಕಪಾಟಿನಲ್ಲೇ ಉಳಿಯಿತು. ಯಂತ್ರ ಚೀಟಿ ಕೊಡುವ ಹೊತ್ತಿಗೆ ಬಸ್ಸು ಕಂದಕದಲ್ಲಿರುತ್ತದೆ ಎಂದು ಮಾವ ನಗುತ್ತಿದ್ದರು.

ಬಟ್ಟೆಯ ಚೂರುಗಳು ಮನೆಯ ಹಳೆಯ ಹೊದಿಕೆಯವು. ಮೂಲೆಯಲ್ಲಿ ಪೆನ್ಸಿಲಿನಿಂದ ಬಸ್ಸಿನ ನಂಬರೂ ವಾರವೂ ಬರೆದು, ಎಣ್ಣೆ ಒರೆಸಿ, ತಗಡಿನ ಡಬ್ಬಿಗೆ ತುಂಬಿ ಮನೆಗೆ ತರುತ್ತಿದ್ದರು. ಶನಿವಾರ ತಾವೇ ಒಗೆಯುತ್ತಿದ್ದರು. ಆ ಡಬ್ಬಿ ಬಚ್ಚಲಲ್ಲಿದ್ದರೆ ನನಗೆ ಅಡಿಗೆಮನೆಯಲ್ಲೂ ನಾತ. ನನ್ನದು ಅಂಥ ಮೂಗು, ಅಂಥದೇ ಜೀವ. ಹುಲ್ಲುಕಡ್ಡಿ ಬಿದ್ದರೆ ಗುಡ್ಡ ಬಿತ್ತು ಅನ್ನೋಳು ಎಂದು ಗಂಡ ಛೇಡಿಸುತ್ತಾರೆ. ಇವಳನ್ನು ಡಿಪೋಗೆ ಸೇರಿಸಿಬಿಡಿ, ನೀವು ಮನೇಲಿರಿ ಎಂದು ಅವರಪ್ಪನಿಗೂ ಹೇಳಿದ್ದರು.

ಮಗಳಿಗೆ ಆರು ವರ್ಷ. ಶಾಲೆ ಗುಡ್ಡದ ಮೇಲಿದೆ, ಇಳಿಯುವ ದಾರಿಯಲ್ಲಿ ಒಂಬತ್ತು ತಿರುವು. ಮಕ್ಕಳನ್ನು ಕರೆತರುವ ಮೂವತ್ತೇಳನೇ ನಂಬರಿನ ಬಸ್ಸು ಮಾವನ ಡಿಪೋದ್ದೇ. ಅಂಥ ಇಳಿಜಾರಿನಲ್ಲಿ ಬ್ರೇಕಿನ ಅರ್ಧ ಕೆಲಸ ಗೇರ್‌ಬಾಕ್ಸೇ ಮಾಡುತ್ತದೆಂದು ಮಾವ ಒಮ್ಮೆ ಹೇಳಿದ್ದರು. ಹೇಳಬಾರದಿತ್ತು. ಅಂದಿನಿಂದ ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನಾನು ಕೇಳುತ್ತಿದ್ದೆ, ಮೂವತ್ತೇಳು ಏನಾಯಿತು ಎಂದು. ಹೋಗಲಿ ಅಂದಿದ್ದೇನೆ ಎನ್ನುತ್ತಿದ್ದರು. ಆಮೇಲೇ ನಾನು ಮಧ್ಯಾಹ್ನದ ಊಟಕ್ಕೆ ಕೂರುತ್ತಿದ್ದೆ.

ಮೂರು ತಿಂಗಳ ಹಿಂದೆ ಅವರಿಗೆ ಜ್ವರ ಬಂತು. ವಾರದಲ್ಲಿ ಎದ್ದು ಕೆಲಸಕ್ಕೆ ಹೋದರು. ಆಮೇಲೆ ಡಬ್ಬಿ ತಂದು ಬಚ್ಚಲಲ್ಲಿಡುವಾಗ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದರು. ನಿವೃತ್ತಿ ಹತ್ತಿರ ಬಂತಲ್ಲ, ಅದರ ಚಿಂತೆ ಎಂದುಕೊಂಡೆ.

ಆ ಗುರುವಾರ ಮಧ್ಯಾಹ್ನ ಒಲೆಯ ಮೇಲೆ ಹಾಲಿಟ್ಟು, ನೋಡಿಕೊಳ್ಳಿ ಎಂದು ಮಾವನಿಗೆ ಹೇಳಿ, ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದ್ದೆ. ಅಲ್ಲಿಗೇ ಕಮಟು ಬಂತು. ಓಡಿ ಬಂದರೆ ಹಾಲು ಉಕ್ಕಿ ಸುರಿದು, ಪಾತ್ರೆಯ ತಳ ಕಪ್ಪಗೆ ಹತ್ತಿಕೊಂಡು, ಹೊಗೆ ಕಿಟಕಿಯತ್ತ ಹೊರಟಿತ್ತು. ಮಾವ ಒಲೆಗೆ ಬೆನ್ನು ಹಾಕಿ, ನಾಲ್ಕು ಅಡಿ ದೂರದಲ್ಲಿ ಪೇಪರ್ ಓದುತ್ತಿದ್ದರು.

ಒಲೆ ಆರಿಸಿದೆ.

"ಮಾವ, ನಿಮಗೆ ವಾಸನೆ ಬರ್ತಿಲ್ಲ ಅಲ್ವಾ?"

ಅವರು ಪೇಪರನ್ನು ಮಡಚಿದರು, ಇನ್ನೊಮ್ಮೆ ಮಡಚಿದರು. "ಜ್ವರ ಬಂದಾಗಿಂದ," ಎಂದರು. "ಇವತ್ತು ಬರತ್ತೆ, ನಾಳೆ ಬರತ್ತೆ ಅಂತ ನೋಡ್ತಿದ್ದೆ ಕಣಮ್ಮ."

ಹಾಗಾದರೆ ಮೂರು ತಿಂಗಳಿಂದ ಹೇಗೆ ಎಂದು ಕೇಳಿದೆ. ಬಣ್ಣ ನೋಡಿ, ಬೆರಳಲ್ಲಿ ತಿಕ್ಕಿ ಹೇಳುತ್ತಿದ್ದರಂತೆ. ಬಟ್ಟೆಯನ್ನು ಮೂಗಿಗೆ ಹಿಡಿಯುವುದನ್ನು ಮಾತ್ರ ಬಿಟ್ಟಿರಲಿಲ್ಲ, ಡ್ರೈವರುಗಳು ನೋಡುತ್ತಾರೆಂದು. ಯಂತ್ರ ಕೇಳಲು ಬಾಯಿ ಬರಲಿಲ್ಲವಂತೆ. ಅದನ್ನು ನೋಡಿ ನಕ್ಕವರು ಅವರೇ ತಾನೇ.

ನಾನು ಬಚ್ಚಲಿಗೆ ಹೋಗಿ ಡಬ್ಬಿ ತಂದು ಮೇಜಿನ ಮೇಲೆ ಸುರಿದೆ. ಮಾವ ತಡೆಯಲಿಲ್ಲ. ಅಂದಿನ ಬಟ್ಟೆಗಳನ್ನು ಅವರೇ ಆರಿಸಿ ಒಂದೊಂದಾಗಿ ನನ್ನ ಕೈಗೆ ಕೊಟ್ಟರು. ಹದಿನೆಂಟು, ಇಪ್ಪತ್ತೆರಡು, ಒಂಬತ್ತು: ಬರೀ ಎಣ್ಣೆಯ ಜಿಡ್ಡು ವಾಸನೆ. ಮೂವತ್ತೇಳು ನೋಡಲು ಎಲ್ಲಕ್ಕಿಂತ ಚೊಕ್ಕವಾಗಿತ್ತು, ಹೊಸ ಎಣ್ಣೆಯ ತಿಳಿಗೆಂಪು. ಮೂಗಿನ ಹತ್ತಿರ ತಂದರೆ ಸೀದ ನಾತ. ಮನೆ ತುಂಬ ಸೀದ ಹಾಲಿನದೇ ವಾಸನೆ. ಅದೇ ಇರಬೇಕೆಂದು ಹಿತ್ತಲಿಗೆ ಒಯ್ದು, ಗಾಳಿಗೆ ನಿಂತು ಮತ್ತೆ ಮೂಸಿದೆ. ಕೂದಲು ಸುಟ್ಟ ಹಾಗೆ.

ಹಿಂದೆಯೇ ಬಂದಿದ್ದ ಮಾವ ನನ್ನ ಮುಖ ನೋಡಿ ಫೋನಿನತ್ತ ನಡೆದರು. ಗಡಿಯಾರದಲ್ಲಿ ಮೂರೂ ಇಪ್ಪತ್ತು. ಮೂರೂವರೆಗೆ ಬಸ್ಸು ಶಾಲೆ ಬಿಡುತ್ತದೆ.

ಶಾಲೆಯ ಫೋನು ಬಿಡುವಿರಲಿಲ್ಲ. ಡಿಪೋದ ಫೋರ್‌ಮನ್ ಎತ್ತಿಕೊಂಡ. ಮೂವತ್ತೇಳನ್ನು ಮೇಲೆಯೇ ನಿಲ್ಲಿಸು ಎಂದರು ಮಾವ. ಅವನು ನಕ್ಕಿದ್ದು ನನಗೂ ಕೇಳಿಸಿತು. ಮೂಗಣ್ಣ, ಬೆಳಿಗ್ಗೆ ಪಾಸ್ ಮಾಡಿದವರು ನೀವೇ ಅಲ್ವಾ, ಬಿಸಿಲು ಜಾಸ್ತಿ ಆಯ್ತಾ ಎನ್ನುತ್ತಿದ್ದ. ಮಾವ ಗೋಡೆಗೆ ಕೈ ಕೊಟ್ಟು ನಿಂತರು.

"ನನ್ನ ಮೂಗು ಸತ್ತು ಮೂರು ತಿಂಗಳಾಯ್ತು. ನಾನು ಸುಳ್ಳು ಹೇಳ್ತಾ ಬಂದಿದೀನಿ. ಡ್ರೈವರಿಗೆ ಫೋನ್ ಮಾಡು."

ನಾನು ಗುಡ್ಡದ ಬುಡಕ್ಕೆ ಓಡಿದೆ. ಇಪ್ಪತ್ತು ನಿಮಿಷ ಆ ಖಾಲಿ ತಿರುವನ್ನೇ ನೋಡುತ್ತ ನಿಂತೆ. ಆಮೇಲೆ ಮಕ್ಕಳು ಸಾಲಾಗಿ ನಡೆದು ಬಂದರು, ಮುಂದೆ ಡ್ರೈವರ್, ಅವನ ಕೈಯಲ್ಲಿ ನನ್ನ ಮಗಳ ಬೆರಳು. ಮೊದಲ ತಿರುವಿಗೆ ಮುಂಚೆ ಫೋನು ಬಂತು, ಆಗಲೇ ಬಸ್ಸು ಹಿಡಿತ ಬಿಟ್ಟ ಹಾಗಿತ್ತು, ಬರೀ ಬ್ರೇಕಿನಲ್ಲೇ ಮಣ್ಣದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ ಎಂದ. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಮಗಳಿಗೆ ನಡೆದದ್ದೇ ಖುಷಿ.

ಮನೆಗೆ ಬಂದರೆ ಮಾವ ಮೊಮ್ಮಗಳನ್ನು ನೋಡಲು ಏಳಲಿಲ್ಲ. ಡಿಪೋದಿಂದ ಮತ್ತೆ ಫೋನು ಬಂದಿತ್ತಂತೆ: ಮೂರು ತಿಂಗಳಲ್ಲಿ ಪಾಸ್ ಮಾಡಿದ್ದೆಲ್ಲ ಬರೆದು ಕೊಡಿ, ನಾಳೆ ನೀವು ಬರುವುದು ಬೇಡ. ಅವರು ನೆನಪಿನಿಂದ ನಂಬರುಗಳನ್ನು ಬರೆಯುತ್ತಿದ್ದರು. ನಡುನಡುವೆ ಬೆಂಕಿಕಡ್ಡಿ ಗೀರಿ, ಆರಿಸಿ, ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಮೇಜಿನ ಮೇಲೆ ಕಪ್ಪು ತಲೆಯ ಕಡ್ಡಿಗಳು ಗುಡ್ಡೆಯಾಗಿದ್ದವು.

ನಾನು ಅವರೆದುರು ಕೂತು ಉಳಿದ ಬಟ್ಟೆಗಳನ್ನು ಮೂಸತೊಡಗಿದೆ. ಬುಧವಾರದ ಹನ್ನೆರಡನೇ ನಂಬರಿನ ಹತ್ತಿರ ನನ್ನ ಕೈ ನಿಂತಿತು, ಅದೇ ಕೂದಲು ಸುಟ್ಟ ವಾಸನೆ; ಹನ್ನೆರಡು ಎಂದೆ.

"ಅದು ದೂರದ ರೂಟು, ನಿನ್ನೆ ಹೋದದ್ದು," ಎಂದರು ಮಾವ, ತಲೆ ಎತ್ತದೆ. "ಈಗ ಘಟ್ಟದಲ್ಲಿರತ್ತೆ."

ಡಿಪೋಗೆ ಫೋನು ನಾನೇ ಮಾಡಿದೆ. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು.